ಮಕ್ಕಳೆಷ್ಟು?

(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ, ಸೆಪ್ಟೆಂಬರ್ 8)



ಇಂದು ನಾವು ಒಂದು ಹೆಣ್ಣುಮಗುವಿನ ಹುಟ್ಟುಹಬ್ಬಕ್ಕೆ ಸೇರಿದ್ದೇವೆ. ಮಕ್ಕಳಿಲ್ಲದೆ ಕೊರಗುತ್ತಿದ್ದ ಜೋಕಿಮ್, ಅನ್ನಮ್ಮ ದಂಪತಿಗಳ ಮೊರೆ ಕೇಳಿ ದೇವರು ಕರುಣಿಸಿದ್ದು ಹೆಣ್ಣನ್ನು ಎನ್ನುತ್ತದೆ ಧರ್ಮಸಭೆಯ ಪರಂಪರೆ.

ನಮ್ಮ ತೊಣ್ಣೂರು ಕೆರೆಯ ಸೀಮೆಯಲ್ಲಿ 'ಮಕ್ಕಳೆಷ್ಟು?' ಎಂದು ಕೇಳಿ ನೋಡಿ. 'ಎರಡು ಮಕ್ಕಳು, ಒಂದು ಹೆಣ್ಣು' ಎನ್ನುವವರು ಇನ್ನೂ ಇದ್ದಾರೆ. ಹಾಗಾದರೆ ಆ ಹೆಣ್ಣು ಮಕ್ಕಳ ಲೆಕ್ಕಕ್ಕೆ ಬರಲಿಲ್ಲವೇ? ನಮ್ಮ ಭಾಷೆ ಇದನ್ನು ಒಪ್ಪುವುದಿಲ್ಲ. ಹಳಗನ್ನಡದಲ್ಲಿ ಮಗನ್ ಒಬ್ಬ, ಮಗಳ್ ಒಬ್ಬಳು. ಇಬ್ಬರೂ ಸೇರಿದರೆ ಮಕ್ಕಳ್. ಮಗು ಎಂಬ ಮಾತೂ ಅದೇ ಬೇರಿನದು, ಅದಕ್ಕೆ ಗಂಡು ಹೆಣ್ಣೆಂಬ ಭೇದವೇ ಇಲ್ಲ. ನೆರೆಯ ತಮಿಳಿನಲ್ಲಂತೂ ಮಕ್ಕಳ್ ಎಂದರೆ ಜನರೆಲ್ಲರೂ. ನಮ್ಮ ಕಡೆಯ ಅಜ್ಜಿಯರು ಮೊಮ್ಮಗಳನ್ನೂ 'ಬಾ ಮಗ' ಎಂದೇ ಕರೆಯುತ್ತಾರೆ. ವ್ಯಾಕರಣದವರು ಏನಾದರೂ ಅನ್ನಲಿ, ನನಗೆ ಅದು ಬಲು ಇಷ್ಟ. 'ದೇವಪುತ್ರರು' ಎಂದಾಗ ಪುತ್ರಿಯರನ್ನು ಬೇರೆಯಾಗಿ ಸೇರಿಸಬೇಕು. 'ದೇವರ ಮಕ್ಕಳು' ಎಂದರೆ ಅವರು ಆಗಲೇ ಒಳಗಿದ್ದಾರೆ.

ಇಂದಿನ ಶುಭಸಂದೇಶದ ವಂಶಾವಳಿ ಅಪ್ಪ, ಮಗ, ಅಪ್ಪ, ಮಗ ಎಂದೇ ಸಾಗುತ್ತದೆ. ಆದರೂ ನಡುನಡುವೆ ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ; ಕೊನೆಯಲ್ಲಿ ಮರಿಯಮ್ಮ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಜನರ ನಡುವೆ ನಡುಗುತ್ತಾ ನಿಂತವಳನ್ನು ಯೇಸುಸ್ವಾಮಿ ಕರೆದದ್ದು 'ಮಗಳೇ' ಎಂದು.

ಭ್ರೂಣದ ಲಿಂಗಪತ್ತೆಯನ್ನು 1994ರ ಕಾಯಿದೆಯೇ ನಿಷೇಧಿಸಿದೆ. ಆದರೆ 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗದಲ್ಲಿ, ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾಯಿತು. ಮರುವರ್ಷ ಪಾಂಡವಪುರದಲ್ಲೇ ಹೆಣ್ಣು ಭ್ರೂಣಹತ್ಯೆಯ ಪ್ರಕರಣ ಸಿಕ್ಕಿತು. ಇಂಥ ಕಡೆ ಹೋಗುವವರು ರಾಕ್ಷಸರಲ್ಲ. 'ಎರಡು ಮಕ್ಕಳು, ಒಂದು ಹೆಣ್ಣು' ಎಂದು ಎಣಿಸಿ ಬೆಳೆದ ಮನೆಗಳವರು.

'ನಮ್ಮವರು ಹಾಗೆ ಮಾಡುವುದಿಲ್ಲ, ಫಾದರ್' ಎನ್ನುತ್ತೀರಿ. ಸಂತೋಷ. ಆಸ್ತಿಯ ಮಾತು ಬಂದಾಗ? ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ನಾವೋ, 'ಒಡವೆ ಹಾಕಿ ಕಳಿಸಿದ್ದೇವಲ್ಲ' ಎಂದು ತಂಗಿಯ ಮುಂದೆ ಹಕ್ಕು ಖುಲಾಸೆ ಪತ್ರ ಹಿಡಿಯುತ್ತೇವೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂದು ಅವಳಿಗೆ ಭಯ.

ಮನೆಗೆ ಹೋಗಿ ಸಂಖ್ಯಾಕಾಂಡದ 27ನೇ ಅಧ್ಯಾಯ ತೆರೆದು ಮಕ್ಕಳಿಗೆ ಓದಿ ಹೇಳಿ. ಗಂಡುಮಕ್ಕಳಿಲ್ಲದೆ ಸತ್ತ ಚೆಲೋಫಹಾದನ ಐವರು ಹೆಣ್ಣುಮಕ್ಕಳು ಇಡೀ ಸಭೆಯ ಮುಂದೆ ನಿಂತು ಅಪ್ಪನ ಪಾಲು ಕೇಳಿದರು. ಮೋಶೆಗೆ ಉತ್ತರ ತಿಳಿಯಲಿಲ್ಲ, ದೇವರ ಬಳಿ ಹೋದ. ಅವರು ಕೇಳಿದ್ದು ನ್ಯಾಯ, ಪಾಲು ಕೊಡು ಎಂದರು ದೇವರು.