ಜಿಂಕೆಯ ಮೂಗು, ಬೇಟೆಗಾರನ ಶೀಷೆ

(ಪರಿಸರಾಸಕ್ತರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನ ತಂಗಿಯ ಮಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ತಿಂಗಳಲ್ಲಿ ಅವನ ಮನೆಗೆ ಹೋಗಿದ್ದೆ. ಚಳಿಗೊಂದು ಕೋಟು ಕೊಳ್ಳೋಣವೆಂದು ನನ್ನನ್ನು ಒಂದು ದೊಡ್ಡ ಅಂಗಡಿಗೆ ಕರೆದೊಯ್ದ. ಕೋಟು, ಬೂಟು, ಬಿಲ್ಲು, ಬಂದೂಕು ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ಅಂಗಡಿ ಅದು. ಅಲ್ಲೊಂದು ಕಪಾಟಿನ ತುಂಬ ಪುಟ್ಟ ಪುಟ್ಟ ಶೀಷೆಗಳು. ಅತ್ತರಿರಬೇಕೆಂದು ಒಂದನ್ನು ಕೈಗೆತ್ತಿಕೊಂಡೆ. ಹುಡುಗ ನಕ್ಕ. ‘ಮಾವ, ಅದನ್ನ ಮೂಸಬೇಡಿ. ಅದು ಹೆಣ್ಣು ಜಿಂಕೆಯ ಉಚ್ಚೆ!’

ಗೋಮೂತ್ರವನ್ನು ಶೀಷೆಯಲ್ಲಿ ತುಂಬಿ ಮಾರುವ ನಾಡಿನಿಂದ ಹೋದವನಿಗೆ ಅಷ್ಟೊಂದು ಆಶ್ಚರ್ಯವಾಗಬಾರದಿತ್ತು. ಆದರೂ ಆಯಿತು. ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರವನ್ನು ಕಾಡಿನಲ್ಲಿ ಚಿಮುಕಿಸಿದರೆ ಗಂಡು ಜಿಂಕೆ ಅದರ ಜಾಡು ಹಿಡಿದು ಬೇಟೆಗಾರನ ಮುಂದೆಯೇ ಬಂದು ನಿಲ್ಲುತ್ತದೆ ಎಂಬುದು ಆ ಶೀಷೆಯ ಭರವಸೆ. ಪಕ್ಕದಲ್ಲೇ ಸೇಬಿನ ವಾಸನೆಯದು, ಮಣ್ಣಿನ ವಾಸನೆಯದು, ನೆಕ್ಕಲಿಕ್ಕೆ ಇಡುವ ಉಪ್ಪಿನ ಗಟ್ಟಿ, ಮನುಷ್ಯನ ಮೈವಾಸನೆಯನ್ನು ತೊಳೆಯುವ ಸಾಬೂನು.

ಹುಡುಗನ ನೆರೆಮನೆಯವರು ನಿವೃತ್ತ ಮೆಕ್ಯಾನಿಕ್. ಮೂವತ್ತು ವರ್ಷಗಳಿಂದ ಜಿಂಕೆ ಬೇಟೆಯಾಡಿದವರು. ಇದು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ಅವರನ್ನು ಕೇಳಿದೆ. ‘ಸಂಶಯವೇ ಬೇಡ. ಮೂರು ವರ್ಷದ ಹಿಂದೆ ನವೆಂಬರಿನಲ್ಲಿ ನಾಲ್ಕು ಹನಿ ಹಾಕಿ ಕೂತೆ. ಅರ್ಧ ಗಂಟೆಯಲ್ಲಿ ಹತ್ತು ಕವಲು ಕೊಂಬಿನ ಗಂಡು ಬಂತು’ ಎಂದರು. ಆ ಕೊಂಬು ಅವರ ಗೋಡೆಯ ಮೇಲೇ ಇತ್ತು. ಗೋಡೆಯ ಮೇಲಿನ ಸಾಕ್ಷಿಯೊಡನೆ ವಾದ ಮಾಡುವುದು ಕಷ್ಟ. ಆದರೆ ಹನಿ ಹಾಕದಿದ್ದರೂ ಆ ಜಿಂಕೆ ಬರುತ್ತಿತ್ತೇ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಆ ನಾಡಿನ ಬೇಟೆಯನ್ನು ನಾವು ನಮ್ಮ ರಾಜಮಹಾರಾಜರ ಶಿಕಾರಿಯಂತೆ ಭಾವಿಸಬಾರದು. ಅಲ್ಲಿ ಅದು ಮೆಕ್ಯಾನಿಕ್ಕು, ಮೇಷ್ಟ್ರು, ರೈತರ ಹವ್ಯಾಸ. ಬಂದೂಕಿನ ಬೇಟೆ ಶುರುವಾಗುವ ದಿನ ಪೆನ್ಸಿಲ್ವೇನಿಯಾದ ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ರಜೆ ಕೊಡುತ್ತಿದ್ದರು. ಮಿತಿಯಿಲ್ಲದೆ ಕೊಂದು 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳನ್ನು ಬಹುಪಾಲು ಮುಗಿಸಿದ್ದವರೂ ಅವರೇ. ಆಮೇಲೆ ಕಾನೂನು ಮಾಡಿ, ಹೊರರಾಜ್ಯಗಳಿಂದ ಜಿಂಕೆ ತಂದು ಬಿಟ್ಟು ಉಳಿಸಿದವರೂ ಅವರೇ. ಈಗ ಆ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ ಎಂದು ಅಂದಾಜು. ಅವನ್ನು ತಿನ್ನುವ ತೋಳ, ಪ್ಯೂಮಾಗಳು ಬಹುಪಾಲು ಕಡೆ ಇಲ್ಲದ್ದರಿಂದ ಲೈಸೆನ್ಸ್ ಪಡೆದ ಬೇಟೆಗಾರನೇ ಆ ಕೆಲಸ ಮಾಡಬೇಕಾಗಿದೆ.

ಇನ್ನು ಮೂಗಿನ ವಿಚಾರ. ಹಳ್ಳಿಯಲ್ಲಿ ಬೆಳೆದ ಎಲ್ಲರೂ ಒಂದು ದೃಶ್ಯವನ್ನು ನೋಡಿರುತ್ತೀರಿ. ಹೋರಿ ಹಸುವಿನ ಮೂತ್ರವನ್ನು ಮೂಸುತ್ತದೆ. ಆಮೇಲೆ ಕತ್ತು ನೀಳವಾಗಿ ಚಾಚಿ, ಮೇಲ್ದುಟಿ ಮಡಿಚಿ, ನಗುವಂತೆ ಮುಖ ಮಾಡಿಕೊಂಡು ಒಂದು ಗಳಿಗೆ ಹಾಗೆಯೇ ನಿಲ್ಲುತ್ತದೆ. ಅದು ನಗುವುದಲ್ಲ, ಪರೀಕ್ಷೆ ಮಾಡುವುದು. ಅದರ ಬಾಯಿಯ ಮೇಲ್ಛಾವಣಿಯಲ್ಲಿ ಮೂಗಿನಿಂದ ಬೇರೆಯೇ ಆದ ಒಂದು ಪುಟ್ಟ ಅಂಗವಿದೆ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್‌ಸನ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಮೂತ್ರದಲ್ಲಿರುವ, ಗಾಳಿಯಲ್ಲಿ ಸುಲಭವಾಗಿ ಹಾರದ ಭಾರವಾದ ವಸ್ತುಗಳನ್ನು ಗುರುತಿಸುವುದು ಅದರ ಕೆಲಸ. ಜಿಂಕೆಗೂ ಅದು ಇದೆ.

ಮೂಸಿ ನೋಡುವುದಕ್ಕೆ ಜಿಂಕೆಯ ಲೋಕದಲ್ಲಿ ಸಾಮಗ್ರಿಯೂ ಬೇಕಾದಷ್ಟಿದೆ. ಅದರ ಹಣೆಯಲ್ಲಿ, ಕಣ್ಣಿನ ಮೂಲೆಯಲ್ಲಿ, ಗೊರಸಿನ ನಡುವೆ, ಹಿಂಗಾಲಿನ ಕೀಲಿನ ಒಳಮೈಯಲ್ಲಿ ಗಂಧಗ್ರಂಥಿಗಳಿವೆ. ಬಿಳಿಬಾಲದ ಜಿಂಕೆ ಹಿಂಗಾಲುಗಳೆರಡನ್ನೂ ಜೋಡಿಸಿ, ಆ ಕೀಲಿನ ಕೂದಲ ಕುಚ್ಚಿನ ಮೇಲೆಯೇ ಮೂತ್ರ ಮಾಡುತ್ತದೆ. ಆ ಕುಚ್ಚಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಪ್ರತಿ ಜಿಂಕೆಗೂ ತನ್ನದೇ ವಾಸನೆ ಬರುತ್ತದೆ. ಅದೇ ಅದರ ಗುರುತಿನ ಚೀಟಿ. ಶರತ್ಕಾಲದಲ್ಲಿ ಗಂಡು ಜಿಂಕೆ ತಗ್ಗಿದ ಕೊಂಬೆಯೊಂದರ ಕೆಳಗೆ ನೆಲವನ್ನು ಕೆರೆದು, ಮೂತ್ರ ಮಾಡಿ, ಕೊಂಬೆಯನ್ನು ನೆಕ್ಕಿ, ಹಣೆಯಿಂದ ಉಜ್ಜಿ ಹೋಗುತ್ತದೆ. ಬೇರೆ ಜಿಂಕೆಗಳು ಬಂದು ಮೂಸಿ, ತಮ್ಮದನ್ನೂ ಸೇರಿಸುತ್ತವೆ. ಊರ ಅರಳಿಕಟ್ಟೆಯ ಗೋಡೆಗೆ ಅಂಟಿಸಿದ ನೋಟೀಸು ಎನ್ನಿ. ನಮ್ಮಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗಗಳೂ ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಗೆ ಉಜ್ಜಿ, ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ತಮ್ಮ ಗಡಿಯನ್ನು ಸಾರುತ್ತವೆ.

ಇಷ್ಟು ಕೇಳಿದರೆ ಶೀಷೆ ಮಾರುವವನ ಮಾತು ನಿಜವೆನಿಸುತ್ತದೆ. ತೊಡಕು ಇರುವುದು ಶೀಷೆಯೊಳಗೆ. ಹೆಣ್ಣು ಜಿಂಕೆ ಬೆದೆಯಲ್ಲಿರುವುದು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಗರ್ಭ ನಿಲ್ಲದಿದ್ದರೆ ಸುಮಾರು ನಾಲ್ಕು ವಾರ ಬಿಟ್ಟು ಮತ್ತೆ ಬರುತ್ತದೆ. ಅಂಗಡಿಗಳಿಗೆಲ್ಲ ಸಾಲುವಷ್ಟು ಮೂತ್ರವನ್ನು ಆ ಒಂದೆರಡು ದಿನಗಳಲ್ಲಿ ಹಿಡಿಯುವುದು ಸುಲಭವೇ? ಜಿಂಕೆ ಸಾಕುವ ಫಾರಂಗಳಲ್ಲಿ ಜಾಲರಿ ನೆಲದ ಕೆಳಗೆ ಮೂತ್ರ ಬಸಿದು ಸೇರುತ್ತದೆ. ಯಾವ ಹೆಣ್ಣಿನದು, ಯಾವ ದಿನದ್ದು ಎಂಬುದನ್ನು ಕೊಳ್ಳುವವನು ಚೀಟಿ ನೋಡಿ ನಂಬಬೇಕಷ್ಟೆ. ಮೇಲಾಗಿ ಮೂತ್ರ ಹಳತಾದಷ್ಟೂ ಕೊಳೆತು ಅಮೋನಿಯ ವಾಸನೆಯೇ ಮುಂದಾಗುತ್ತದೆ. ಅಷ್ಟು ಹೊತ್ತಿಗೆ ಜಿಂಕೆಯದೂ ದನದ್ದೂ ನಮ್ಮದೂ ಹೆಚ್ಚುಕಡಿಮೆ ಒಂದೇ. ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಗಂಡನ್ನು ಕೆರಳಿಸುವ ಸಂದೇಶ ಮೂತ್ರಕ್ಕಿಂತ ಹೆಣ್ಣಿನ ಯೋನಿಸ್ರಾವದಲ್ಲಿ ಹೆಚ್ಚಾಗಿದೆ ಎಂದು ತೋರಿಸಿತು.

ಟೆಕ್ಸಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಸಂಶೋಧಕರು ತಾವೇ ನೆಲ ಕೆರೆದು, ಒಂದೊಂದು ಕಡೆ ಒಂದೊಂದು ಬಗೆಯ ಮೂತ್ರ ಸುರಿದು, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿದರು. ಬೆದೆಯ ಹೆಣ್ಣಿನದು, ಮದವೇರಿದ ಗಂಡಿನದು, ಮನುಷ್ಯನದು. ಬೆದೆಯ ಮೂತ್ರಕ್ಕೆ ಹೇಳಿಕೊಳ್ಳುವಂಥ ಹೆಚ್ಚುಗಾರಿಕೆ ಕಾಣಲಿಲ್ಲ. ಮನುಷ್ಯನ ಮೂತ್ರ ಸುರಿದಲ್ಲಿಗೂ ಗಂಡು ಜಿಂಕೆಗಳು ಬಂದವು! ಜಿಂಕೆ ಕುತೂಹಲದ ಪ್ರಾಣಿ. ತನ್ನ ಓಡಾಟದ ದಾರಿಯಲ್ಲಿ ಹೊಸ ವಾಸನೆ ಇದ್ದರೆ ನಿಂತು ಮೂಸುತ್ತದೆ. ಸೆಳೆಗಂಧ ಅಷ್ಟರಮಟ್ಟಿಗೆ ನಿಜ: ಹೇಗೂ ಹತ್ತಿರದಲ್ಲಿ ಹಾದುಹೋಗುವ ಜಿಂಕೆಯನ್ನು ಅದು ಒಂದು ಗಳಿಗೆ ನಿಲ್ಲಿಸಬಹುದು. ಇಲ್ಲದ ಜಿಂಕೆಯನ್ನು ಮೈಲಿ ದೂರದಿಂದ ಕರೆತರುವುದಿಲ್ಲ. ಕೆಲವೊಮ್ಮೆ ಹೆದರಿ ಹಿಂದೆ ಸರಿಯುವುದೂ ಉಂಟು. ನಮ್ಮ ಮೆಕ್ಯಾನಿಕ್ ಹನಿ ಹಾಕಿ ಕೂತದ್ದು ನವೆಂಬರಿನಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಬೆದೆಯ ಕಾಲ ತುತ್ತತುದಿಗೆ ಬರುವುದು ಆಗಲೇ. ಆ ದಿನಗಳಲ್ಲಿ ಗಂಡುಗಳು ಹಗಲುರಾತ್ರಿಯೆನ್ನದೆ ಹೆಣ್ಣಿಗಾಗಿ ಅಲೆಯುತ್ತಿರುತ್ತವೆ. ಹನಿ ಹಾಕಿ ಬರಿಗೈಯಲ್ಲಿ ಮನೆಗೆ ಬಂದ ದಿನಗಳೆಷ್ಟು ಎಂದು ಕೇಳಿದೆ. ಅವರು ಯೋಚಿಸಿ, ‘ಅದನ್ನು ಯಾರು ಲೆಕ್ಕ ಇಡುತ್ತಾರೆ?’ ಎಂದರು.

ಉಪ್ಪಿನ ಮಾತೇ ಬೇರೆ. ವಸಂತದ ಎಳೆ ಚಿಗುರಿನಲ್ಲಿ ಪೊಟಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆಗ ಜಿಂಕೆ ಉಪ್ಪನ್ನು ಹುಡುಕಿಕೊಂಡು ಬರುವುದು ಖಂಡಿತ. ಆದರೆ ಬೇಟೆಯ ಕಾಲವಾದ ಶರತ್ಕಾಲದ ಹೊತ್ತಿಗೆ ಆ ಹಸಿವು ತಗ್ಗಿರುತ್ತದೆ. ಜೋಳ, ಸೇಬು ಸುರಿದರೆ ಬರುತ್ತವೆ, ಅದಕ್ಕೆ ಸಂಶೋಧನೆಯೇ ಬೇಡ. ಅದನ್ನು ಹಲವು ರಾಜ್ಯಗಳು ನಿಷೇಧಿಸಿವೆ. ನಮ್ಮ 1972ರ ವನ್ಯಜೀವಿ ಕಾಯಿದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೇ ಆಮಿಷ ಒಡ್ಡುವುದೂ ಸೇರಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಹಳಬರು ಜಿಂಕೆಯನ್ನು ಹೇಗೆ ಮರುಳು ಮಾಡುತ್ತಿದ್ದರು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದವೂ ಇದೆ, ಮೃಗಬೇಟೆಯ ವಿನೋದವೂ ಇದೆ. ಮೀನಿಗಾದರೆ ಇಂಥದ್ದಕ್ಕೆ ಇಂಥ ಎರೆ ಎಂದು ಅಡುಗೆ ಪುಸ್ತಕದಂತೆ ವಿವರಿಸುತ್ತಾನೆ. ಜಿಂಕೆಗೆ ಸಾಕಿದ ಜಿಂಕೆಯನ್ನೇ ಮುಂದೆ ಬಿಡುವ ಉಪಾಯ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲೂ ಸಾಕಿದ ಜಿಂಕೆಯ ಕೊಂಬಿಗೆ ಬಲೆ ಕಟ್ಟಿ, ಕಾದಾಡಲು ಬಂದ ಕಾಡುಜಿಂಕೆಯನ್ನು ಸಿಕ್ಕಿಸುವ ವಿಧಾನವಿದೆ. ಫ್ಲಾರಿಡಾದ ಮೂಲನಿವಾಸಿಗಳು ಜಿಂಕೆಯ ಚರ್ಮ ಹೊದ್ದು ನೀರಿನಂಚಿಗೆ ಹೋಗುವ ಚಿತ್ರವನ್ನು 1591ರಲ್ಲಿ ಥಿಯೋಡರ್ ಡಿ ಬ್ರಿ ಅಚ್ಚುಹಾಕಿದ್ದಾನೆ. ಇವರೆಲ್ಲ ನೆಚ್ಚಿದ್ದು ಜಿಂಕೆಯ ಕಣ್ಣನ್ನು, ಅದರ ಜಗಳಗಂಟತನವನ್ನು. ಮೂಗನ್ನು ಮೋಸಗೊಳಿಸುವ ಸಾಹಸ ಇವರು ಮಾಡಿದಂತೆ ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಇಲ್ಲಿ ಹೇಳುತ್ತಲೂ ಇರಲಿಲ್ಲ. ಕೆಲಸಕ್ಕೆ ಬಾರದ ಶೀಷೆಗೆ ದುಡ್ಡು ಕೊಡುವುದು ಅವರವರ ಇಷ್ಟ. ಆದರೆ 1967ರಲ್ಲಿ ಕೊಲರಾಡೊದ ಒಂದು ಸಂಶೋಧನಾ ಕೇಂದ್ರದ ಜಿಂಕೆಗಳಲ್ಲಿ ವಿಚಿತ್ರ ಕಾಯಿಲೆಯೊಂದು ಕಾಣಿಸಿಕೊಂಡಿತು. ಮೇವು ತಿಂದರೂ ಮೈ ಒಣಗುತ್ತದೆ, ಜೊಲ್ಲು ಸುರಿಯುತ್ತದೆ, ತಲೆ ಜೋತುಬೀಳುತ್ತದೆ, ಕೊನೆಗೆ ಸಾವು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂದು ಅದರ ಹೆಸರು. ನಾವು ಸೊರಗುರೋಗ ಎನ್ನೋಣ. ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ಪ್ರಿಯಾನ್. ಪಕ್ಕದ ಸರಿಯಾದ ಪ್ರೋಟೀನುಗಳನ್ನೂ ಅದು ತನ್ನಂತೆಯೇ ತಿರುಚುತ್ತಾ ಹೋಗುತ್ತದೆ. ಮದ್ದಿಲ್ಲ. ಬೇಯಿಸಿದರೂ ಸಾಯುವುದಿಲ್ಲ, ಏಕೆಂದರೆ ಅದು ಜೀವಿಯೇ ಅಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ರೋಗದ ಜಿಂಕೆ ನೋಡಲು ಆರೋಗ್ಯವಾಗಿರುವಾಗಲೇ ಜೊಲ್ಲಿನಲ್ಲಿ, ಹಿಕ್ಕೆಯಲ್ಲಿ, ಮೂತ್ರದಲ್ಲಿ ಅದನ್ನು ಹೊರಹಾಕುತ್ತಿರುತ್ತದೆ.

ಈಗ ಆ ಜಾಲರಿ ನೆಲವನ್ನು ನೆನಪಿಸಿಕೊಳ್ಳಿ. ಮೂತ್ರದೊಂದಿಗೆ ಹಿಕ್ಕೆ, ಜೊಲ್ಲೂ ಬೆರೆತು ಬಸಿಯುವ ಜಾಗ. ಅದನ್ನು ಶೀಷೆಯಲ್ಲಿ ತುಂಬಿ ನೂರಾರು ಮೈಲಿ ಆಚೆಯ ಕಾಡಿನಲ್ಲಿ, ಎಲ್ಲ ಜಿಂಕೆಗಳೂ ಬಂದು ಮೂಸಿ ನೆಕ್ಕುವ ಕಡೆಯೇ ಸುರಿಯುತ್ತಾರೆ. ಶೀಷೆಯಿಂದಲೇ ಕಾಡಿಗೆ ರೋಗ ಹತ್ತಿತೆಂದು ಯಾರೂ ರುಜುವಾತು ಮಾಡಿಲ್ಲ; ಮೂತ್ರದಲ್ಲಿ ಪ್ರಿಯಾನ್ ಇರುವುದು ಬಹಳ ಕಡಿಮೆ ಎಂದು ತಯಾರಕರು ಹೇಳುವುದೂ ಸುಳ್ಳಲ್ಲ. ಆದರೂ ಅಲಾಸ್ಕ 2012ರಲ್ಲಿ, ವರ್ಜೀನಿಯಾ 2015ರಲ್ಲಿ, ವರ್ಮಾಂಟ್ 2016ರಲ್ಲಿ ಇದನ್ನು ನಿಷೇಧಿಸಿದವು. ಒಮ್ಮೆ ಮಣ್ಣು ಸೇರಿದ್ದನ್ನು ಹಿಂದಕ್ಕೆ ತೆಗೆಯಲಾಗದು ಎಂಬುದು ಅವರ ವಾದ, ನನಗದು ಸರಿಯೆನಿಸುತ್ತದೆ. ರೋಗ ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಣಿಸಿದೆ. ನಾರ್ವೆಯ ಹಿಮಸಾರಂಗಗಳಲ್ಲೂ 2016ರಲ್ಲಿ ಪತ್ತೆಯಾಯಿತು. ಮನುಷ್ಯನಿಗೆ ತಗುಲಿದ್ದು ಖಚಿತವಾಗಿಲ್ಲ. ಆದರೆ ರೋಗದ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಜಿಂಕೆ ಮಾಂಸವನ್ನೇ ಚಳಿಗಾಲವಿಡೀ ಫ್ರಿಜ್ಜಿನಲ್ಲಿಟ್ಟು ಉಣ್ಣುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಪೆನ್ಸಿಲ್ವೇನಿಯಾದಲ್ಲಿ ಸೊರಗುರೋಗ ಮೊದಲು ಪತ್ತೆಯಾದದ್ದು 2012ರಲ್ಲಿ, ಸಾಕಿದ ಜಿಂಕೆಯಲ್ಲಿ. ರೋಗ ಕಂಡ ಪ್ರದೇಶಗಳ ಸುತ್ತ ಗಡಿ ಹಾಕಿ, ಅದರೊಳಗೆ ಮೂತ್ರದ ಶೀಷೆಯನ್ನು ಕಾಡಿಗೆ ಒಯ್ಯುವುದನ್ನೇ ನಿಷೇಧಿಸಿದ್ದಾರೆ. ನಾನು ಹಿಂದಿರುಗಿದ ಎರಡು ವರ್ಷಕ್ಕೆ ಹುಡುಗ ಫೋನ್ ಮಾಡಿದ. ‘ಮಾವ, ನಮ್ಮೂರೂ ಆ ಗಡಿಯೊಳಗೆ ಸೇರಿತು’ ಎಂದ. ಮೆಕ್ಯಾನಿಕ್ ಏನು ಮಾಡಿದರು ಎಂದು ವಿಚಾರಿಸಿದೆ. ಉಳಿದಿದ್ದ ಶೀಷೆಗಳನ್ನು ಕಟ್ಟಿ ಕಸಕ್ಕೆ ಹಾಕಿದರಂತೆ. ಈಗ ಜೇಬಿನಲ್ಲಿ ನುಣುಪು ಪುಡಿ ತುಂಬಿದ ಒಂದು ಪ್ಲಾಸ್ಟಿಕ್ ಬುರುಡೆ ಇಟ್ಟುಕೊಂಡಿರುತ್ತಾರೆ. ಅದುಮಿದರೆ ಹೊಗೆಯಂತೆ ಹಾರಿ ಗಾಳಿ ಯಾವ ಕಡೆಗಿದೆ ಎಂದು ತೋರಿಸುತ್ತದೆ. ಗಾಳಿ ತಮ್ಮ ಕಡೆಯಿಂದ ಜಿಂಕೆಯ ದಾರಿಯತ್ತ ಬೀಸುತ್ತಿದ್ದರೆ ಆ ದಿನ ಮರ ಹತ್ತದೆ ಮನೆಗೆ ಬಂದುಬಿಡುತ್ತಾರಂತೆ.