ಕಲ್ಕತ್ತಾ ಲೀಗ್ ಬೆಳೆದ ಬಗೆ ಮತ್ತು ನಮ್ಮ ಮೈದಾನ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



 

ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಫುಟ್‌ಬಾಲ್ ಬಗ್ಗೆ ಏನು ಹೇಳುತ್ತಾರೆ ಎಂದು ಹಿಂದಿನ ಸಾಲಿನ ಹುಡುಗರು ಆಗಲೇ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಭಯ ಬೇಡ, ನಾನು ಆಟ ಕಲಿಸಲು ನಿಂತಿಲ್ಲ. ಅದಕ್ಕೆ ನಮ್ಮ ದೈಹಿಕ ಶಿಕ್ಷಣ ಶಿಕ್ಷಕರಿದ್ದಾರೆ. ನಾನು ಹೇಳಹೊರಟಿರುವುದು ಒಂದು ಲೀಗ್‌ನ ಕತೆ. ಅದರ ಕೊನೆಯಲ್ಲಿ ಸಂಘದ ಮುಂದೆ ಒಂದು ಬೇಡಿಕೆಯನ್ನೂ ಇಡಲಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಕಡೆ ಟೂರ್ನಮೆಂಟ್ ಎಂದರೆ ನಾಕೌಟ್. ಸೋತವರು ಮನೆಗೆ. ಹದಿನಾರು ತಂಡ ಸೇರಿದರೆ ಒಟ್ಟು ಹದಿನೈದು ಪಂದ್ಯ. ಅದರಲ್ಲಿ ಎಂಟು ತಂಡಗಳು ಒಂದೇ ಒಂದು ಪಂದ್ಯ ಆಡಿ, ಬೆವರು ಆರುವ ಮೊದಲೇ ಚೀಲ ಕಟ್ಟುತ್ತವೆ. ಲೀಗ್ ಹಾಗಲ್ಲ. ಎಂಟು ತಂಡಗಳ ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದ ಏಳು ತಂಡಗಳೊಂದಿಗೆ ಆಡಬೇಕು. ಒಟ್ಟು ಇಪ್ಪತ್ತೆಂಟು ಪಂದ್ಯ. ಮೊದಲ ವಾರ ಐದು ಗೋಲು ತಿಂದ ತಂಡವೂ ಮುಂದಿನ ವಾರ ಬರಲೇಬೇಕು. ಬಿ.ಎಡ್. ಓದುವಾಗ ನಮಗೆ ಮೌಲ್ಯಮಾಪನದ ಪಾಠದಲ್ಲಿ ಒಂದೇ ವಾರ್ಷಿಕ ಪರೀಕ್ಷೆಯಿಂದ ಮಗುವನ್ನು ಅಳೆಯಬೇಡಿ, ವರ್ಷವಿಡೀ ಗಮನಿಸಿ ಎಂದು ಹೇಳಿಕೊಟ್ಟರು. ನಾಕೌಟ್ ಎಂದರೆ ವಾರ್ಷಿಕ ಪರೀಕ್ಷೆ. ಲೀಗ್ ಎಂದರೆ ವರ್ಷವಿಡೀ ನಡೆಯುವ ಮೌಲ್ಯಮಾಪನ. ಕನ್ನಡದಲ್ಲಿ ಎರಡಕ್ಕೂ ಕೊನೆಗೆ ಸಿಗುವುದರ ಹೆಸರು ಒಂದೇ, ಅಂಕಪಟ್ಟಿ.

ಈಗ ಕಲ್ಕತ್ತೆಗೆ ಹೋಗೋಣ. ಅಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆ 1893ರಲ್ಲಿ ಹುಟ್ಟಿತು. ಹೆಸರಿನಲ್ಲಿ ಇಂಡಿಯನ್, ಆಡಳಿತದಲ್ಲಿ ಇಂಗ್ಲಿಷರು. 1898ರಲ್ಲಿ ಕಲ್ಕತ್ತಾ ಫುಟ್‌ಬಾಲ್ ಲೀಗ್ ಶುರುವಾಯಿತು. ಮೊದಲ ವರ್ಷ ಗೆದ್ದದ್ದು ಗ್ಲಾಸ್ಟರ್‌ಶೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನಿಕರ ತಂಡ. ಆಡುವವರೆಲ್ಲ ಸೈನಿಕರು, ಅಧಿಕಾರಿಗಳು, ಕಂಪನಿಗಳ ಗೋರಾ ಗುಮಾಸ್ತರು. ಭಾರತೀಯರ ತಂಡಗಳಿಗೆ ಲೀಗ್‌ನಲ್ಲಿ ಜಾಗವಿರಲಿಲ್ಲ. ಮೈದಾನ ನಮ್ಮದು, ಬಿಸಿಲು ಮಳೆ ನಮ್ಮದು, ಲೀಗ್ ಮಾತ್ರ ಅವರದು.

1911ರ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಜುಲೈ 29ರಂದು ಮೋಹನ್ ಬಗಾನ್ ತಂಡ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಆ ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಿನವರು. ಬೂಟು ತೊಟ್ಟ ಸೈನಿಕರನ್ನು ಬರಿಗಾಲಿನವರು ಸೋಲಿಸಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಮೇಲೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. ಶೀಲ್ಡ್ ನಾಕೌಟ್ ಪಂದ್ಯಾವಳಿ. ಅದನ್ನು ಗೆದ್ದ ಮೇಲೂ ಮೋಹನ್ ಬಗಾನ್‌ಗೆ ಲೀಗ್‌ನ ಬಾಗಿಲು ತಕ್ಷಣ ತೆರೆಯಲಿಲ್ಲ. 1914ರಲ್ಲಿ ಅದನ್ನೂ ಆರ್ಯನ್ ಕ್ಲಬ್ಬನ್ನೂ ಎರಡನೇ ಡಿವಿಜನ್‌ಗೆ ಸೇರಿಸಿಕೊಂಡರು. 1915ರಲ್ಲಿ ಮೋಹನ್ ಬಗಾನ್ ಮೊದಲ ಡಿವಿಜನ್‌ಗೆ ಬಂತು. ಲೀಗ್ ಗೆದ್ದದ್ದು 1939ರಲ್ಲಿ. ಶೀಲ್ಡ್‌ಗೂ ಲೀಗ್‌ಗೂ ನಡುವೆ ಇಪ್ಪತ್ತೆಂಟು ವರ್ಷ! ಒಂದು ಮಧ್ಯಾಹ್ನ ಚೆನ್ನಾಗಿ ಆಡುವುದಕ್ಕೂ ಒಂದು ಇಡೀ ಹಂಗಾಮು ಚೆನ್ನಾಗಿ ಆಡುವುದಕ್ಕೂ ಇರುವ ಅಂತರ ಅದು.

ಬಾಗಿಲು ತೆರೆದ ಮೇಲೂ ಅದಕ್ಕೆ ಒಂದು ಸರಪಳಿ ಹಾಕಿದ್ದರು. ಮೊದಲ ಡಿವಿಜನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳು ಇರಕೂಡದು ಎಂಬ ನಿಯಮ. ಎರಡನೇ ಡಿವಿಜನ್‌ನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ, ಮೇಲೆ ಎರಡು ಕುರ್ಚಿ ತುಂಬಿದ್ದರೆ ಬಡ್ತಿ ಇಲ್ಲ. 1924ರಲ್ಲಿ ಈಸ್ಟ್ ಬೆಂಗಾಲ್ ತಂಡ ಬಡ್ತಿಯ ಅರ್ಹತೆ ಪಡೆದು ನಿಂತಾಗ ಈ ನಿಯಮ ಅಡ್ಡ ಬಂತು. ಅವರು ಸುಮ್ಮನಿರಲಿಲ್ಲ, ಪ್ರತಿಭಟಿಸಿದರು. 1925ರಲ್ಲಿ ಅವರಿಗೆ ಮೊದಲ ಡಿವಿಜನ್‌ನಲ್ಲಿ ಜಾಗ ಸಿಕ್ಕಿತು, ಆ ಮಿತಿಯೂ ಮುರಿದುಬಿತ್ತು. ಗಮನಿಸಿ, ಅವರು ಕೇಳಿದ್ದು ಕನಿಕರವನ್ನಲ್ಲ, ಗಳಿಸಿದ ಅಂಕಕ್ಕೆ ತಕ್ಕ ಜಾಗವನ್ನು. ಲೀಗ್‌ನಲ್ಲಿ ಬರೆದಿಟ್ಟ ಲೆಕ್ಕ ಇರುವುದರಿಂದಲೇ ಹಾಗೆ ಕೇಳಲು ಸಾಧ್ಯವಾಯಿತು.

ಆ ದಾರಿಯಲ್ಲಿ ಬಂದ ಇನ್ನೊಂದು ತಂಡ ಮೊಹಮ್ಮಡನ್ ಸ್ಪೋರ್ಟಿಂಗ್. 1891ರಲ್ಲಿ ಹುಟ್ಟಿದ ಕ್ಲಬ್ಬು, ಬಹಳ ವರ್ಷ ಕೆಳಗಿನ ಡಿವಿಜನ್‌ಗಳಲ್ಲೇ ಉಳಿದಿತ್ತು. 1934ರಲ್ಲಿ ಮೊದಲ ಡಿವಿಜನ್‌ಗೆ ಬಂತು. ಅದಕ್ಕಿಂತ ಹಿಂದಿನ ಮೂರು ವರ್ಷ ಸತತವಾಗಿ ಗೆದ್ದಿದ್ದು ಡರ್ಹಮ್ ಲೈಟ್ ಇನ್‌ಫೆಂಟ್ರಿ. ಹೊಸದಾಗಿ ಬಂದವರು ಉಳಿದುಕೊಂಡರೆ ಸಾಕು ಎನ್ನುವ ಕಾಲ. ಮೊಹಮ್ಮಡನ್ ಬಂದ ವರ್ಷವೇ ಲೀಗ್ ಗೆದ್ದಿತು. ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. ಮುಂದಿನ ವರ್ಷ ಮತ್ತೆ ಗೆದ್ದಿತು, 1938ರವರೆಗೆ ಐದು ವರ್ಷ ಬಿಡದೆ ಗೆದ್ದಿತು. 1936ರಲ್ಲಿ ಲೀಗ್ ಜೊತೆಗೆ ಶೀಲ್ಡನ್ನೂ ತಂದಿತು.

ಹೇಗೆ ಎಂಬುದು ಮುಖ್ಯ. ಕಲ್ಕತ್ತಾ ಲೀಗ್ ಮಳೆಗಾಲದ ಲೀಗ್. ಒಣ ನೆಲದ ಮೇಲೆ ಬರಿಗಾಲಿನ ಆಟಗಾರ ಚೆಂಡನ್ನು ಹೇಳಿದಂತೆ ಕೇಳಿಸುತ್ತಾನೆ. ಆದರೆ ಜೂನ್ ತಿಂಗಳ ಕೆಸರಿನಲ್ಲಿ ಕಾಲು ಜಾರುತ್ತದೆ, ಬೂಟಿನವನು ಗೆಲ್ಲುತ್ತಾನೆ. ಮೊಹಮ್ಮಡನ್ ಆಡಳಿತದವರು ಇದನ್ನು ಕುಳಿತು ಯೋಚಿಸಿದರು. ಮಳೆ ಬಂದ ದಿನ ಬೂಟು ಹಾಕಿ ಆಡುವುದನ್ನು ತಮ್ಮ ಹುಡುಗರಿಗೆ ಅಭ್ಯಾಸ ಮಾಡಿಸಿದರು. ಎರಡನೆಯದಾಗಿ, ಆಟಗಾರರನ್ನು ಬಂಗಾಳದಲ್ಲಿ ಮಾತ್ರ ಹುಡುಕಲಿಲ್ಲ. ದೂರದ ವಾಯವ್ಯ ಭಾಗದಿಂದ ಕರೆತಂದರು, ನಮ್ಮ ಬೆಂಗಳೂರಿನಿಂದಲೂ ಕರೆತಂದರು. ಇದರಲ್ಲಿ ಪವಾಡವೇನೂ ಇಲ್ಲ. ಮೈದಾನದ ಹೊರಗೆ ಒಂದು ಮೇಜು, ಒಂದು ಕುರ್ಚಿ, ಯೋಚಿಸುವ ಒಬ್ಬ ಕಾರ್ಯದರ್ಶಿ ಇದ್ದ. ನಮ್ಮ ಹುಡುಗರು ಸ್ಟ್ರೈಕರ್ ಆಗಬೇಕೆಂದು ಕನಸು ಕಾಣುತ್ತಾರೆ, ಕಾರ್ಯದರ್ಶಿ ಆಗಬೇಕೆಂದು ಯಾರೂ ಕಾಣುವುದಿಲ್ಲ!

ಬೆಂಗಳೂರಿನ ಹೆಸರು ಬಂತು. ದಂಡು ಪ್ರದೇಶದ ಸೈನಿಕರ ಆಟ ನೋಡಿ ಕಲಿತ ಗಲ್ಲಿಗಳ ಹುಡುಗರು ಕಟ್ಟಿದ ತಂಡಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ಒಂದು. ಬೊಂಬಾಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು ಅದುವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಿತು. ಫೈನಲ್‌ನಲ್ಲಿ ಒಂದು ಗೋಲಿನಿಂದ ಸೋತ ತಂಡ ಯಾವುದು ಗೊತ್ತೇ? ಕಲ್ಕತ್ತೆಯಲ್ಲಿ ಯಾರ ಕೈಗೂ ಸಿಗದೆ ಲೀಗ್ ಗೆಲ್ಲುತ್ತಿದ್ದ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಬೆಂಗಳೂರು ಮತ್ತೆ ಗೆದ್ದಿತು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರಿನವರು ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮೂರನೇ ಸಲ ಕಪ್ ತಂದರು.

ಇಷ್ಟಾದರೂ ಬೆಂಗಳೂರಿನ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಕಲ್ಕತ್ತೆಯ ರೈಲು ಹತ್ತಿದರು. ಅಲ್ಲಿ ವಾರ ವಾರ ಪಂದ್ಯ, ನೋಡಲು ಸಾವಿರಾರು ಜನ, ಮಾರನೆಯ ದಿನ ಪತ್ರಿಕೆಯಲ್ಲಿ ಹೆಸರು. 1948ರ ಲಂಡನ್ ಒಲಿಂಪಿಕ್ಸ್ ಆಡಿ ಬಂದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದರು. ಬೆಂಗಳೂರಿನವರೇ ಆದ ಧನರಾಜ್ ಜೊತೆಗಿದ್ದರು. ಅಪ್ಪಾ ರಾವ್, ವೆಂಕಟೇಶ್, ಸಾಲೆ ಸೇರಿ ಐದು ಜನರ ಮುಂಪಡೆ. 1949ರಲ್ಲಿ ಆ ತಂಡ ಲೀಗ್, ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದಿತು. ಬಂಗಾಳದ ಜನ ಆ ಐವರಿಗೆ ಕೊಟ್ಟ ಹೆಸರು 'ಪಂಚ ಪಾಂಡವರು'. ಅದು ದೇಶ ಒಡೆದ ಎರಡೇ ವರ್ಷದ ಮಾತು. ಪೂರ್ವ ಬಂಗಾಳದಲ್ಲಿ ಮನೆ ಮಠ ಕಳೆದುಕೊಂಡು ಬಂದ ನಿರಾಶ್ರಿತರು ತಮ್ಮದೆಂದು ಅಪ್ಪಿಕೊಂಡ ಕ್ಲಬ್ಬು ಈಸ್ಟ್ ಬೆಂಗಾಲ್. ಅದರ ಅಭಿಮಾನಿಗಳು ಅಹ್ಮದ್ ಖಾನ್ ಮತ್ತು ಸಾಲೆ ಎಂಬ ಇಬ್ಬರು ಮುಸ್ಲಿಮರನ್ನು ಪಾಂಡವರಲ್ಲಿ ಎಣಿಸಿದರು. ನಾನು ಎರಡು ಭಾಷೆಗಳನ್ನು ಕಲಿಸುವವನು. ಈ ಒಂದು ಅಡ್ಡಹೆಸರಿನ ಮೇಲೆ ಒಂದು ಪೀರಿಯಡ್ ಪೂರ್ತಿ ಪಾಠ ಮಾಡಬಲ್ಲೆ.

ಎಲ್ಲ ದಿನಗಳೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1930ರ ದಶಕದ ರಾಜಕೀಯ ಮೈದಾನಕ್ಕೂ ನುಗ್ಗಿತ್ತು. ತಂಡದ ಗೆಲುವನ್ನು ಜನಾಂಗದ ಗೆಲುವೆಂದು, ಸೋಲನ್ನು ಅವಮಾನವೆಂದು ನೋಡಿದ ಜನ ಎರಡೂ ಕಡೆ ಇದ್ದರು. 1939ರಲ್ಲಿ ಲೀಗ್ ಆಡಳಿತದೊಂದಿಗೆ ಜಗಳವಾಗಿ ಮೊಹಮ್ಮಡನ್ ಸೇರಿದಂತೆ ಕೆಲವು ತಂಡಗಳು ಹೊರನಡೆದವು. ಆದರೆ 1940ರಲ್ಲಿ ಮೊಹಮ್ಮಡನ್ ಮತ್ತೆ ಅದೇ ಲೀಗ್‌ನಲ್ಲಿ ಆಡಿ ಗೆದ್ದಿತು. ನಂತರದ ದಶಕಗಳಲ್ಲಿ ಆ ಕಪ್ಪು ಬಿಳಿ ಅಂಗಿಯನ್ನು ಎಲ್ಲ ಧರ್ಮದವರೂ ವಿದೇಶೀಯರೂ ತೊಟ್ಟರು. 1981ರ ನಂತರ ಲೀಗ್ ಗೆಲ್ಲಲಾಗದೆ ನಲವತ್ತು ವರ್ಷ ಕಾದ ಕ್ಲಬ್ಬು 2021ರಲ್ಲಿ ಮತ್ತೆ ಗೆದ್ದಾಗ ಫೈನಲ್‌ನ ಏಕೈಕ ಗೋಲು ಹೊಡೆದದ್ದು ಟ್ರಿನಿಡಾಡ್ ದೇಶದ ಮಾರ್ಕಸ್ ಜೋಸೆಫ್. 2022, 2023ರಲ್ಲೂ ಲೀಗ್ ಅವರದೇ ಆಯಿತು. ಒಂದಾನೊಂದು ಕಾಲದ ಹವ್ಯಾಸಿಗಳ ಈ ಲೀಗ್ ಇಂದಿಗೂ ಕೆಳಗಿನ ಡಿವಿಜನ್‌ಗಳ ಮೆಟ್ಟಿಲುಗಳೊಂದಿಗೆ ನಡೆಯುತ್ತಿದೆ.

ನಮ್ಮ ರಾಜ್ಯದಲ್ಲೂ ಆ ಮೆಟ್ಟಿಲಿದೆ. ಬೆಂಗಳೂರು ಜಿಲ್ಲಾ ಲೀಗ್‌ನಲ್ಲಿ ಸಿ ಡಿವಿಜನ್‌ನಿಂದ ಸೂಪರ್ ಡಿವಿಜನ್‌ವರೆಗೆ ಹತ್ತಬಹುದು. ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟ ಕಾಲದಲ್ಲಿ ಬಡವರ ಮನೆಯ ಎಷ್ಟೋ ಹುಡುಗರಿಗೆ ಚೆಂಡೇ ಅನ್ನ ಕೊಟ್ಟಿತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಐದನೆಯದಕ್ಕೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ರಿಯಾದ್ ಎಂದಾಗ ಇಲ್ಲಿ ಅನೇಕರಿಗೆ ಅಲ್ಲಿ ದುಡಿಯುವ ಅಣ್ಣನೋ ಮಾವನೋ ನೆನಪಾಗಿರಬಹುದು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನಮ್ಮ ಊರಿನಲ್ಲಿ ಪ್ರತಿವರ್ಷ ಹೊನಲು ಬೆಳಕಿನ ಟೂರ್ನಮೆಂಟ್ ನಡೆಯುತ್ತದೆ. ಲೈಟು, ಮೈಕು, ಶಾಮಿಯಾನ, ನಗದು ಬಹುಮಾನ. ಬಹುಮಾನ ದೊಡ್ಡದಾದಷ್ಟೂ ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ಕರೆತರುತ್ತಾರೆ. ನಮ್ಮ ಹುಡುಗರು ಬೌಂಡರಿ ಗೆರೆಯ ಆಚೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಎರಡು ರಾತ್ರಿಯ ಸಂಭ್ರಮ ಮುಗಿದ ಮೇಲೆ ವರ್ಷವಿಡೀ ಆ ಮೈದಾನದಲ್ಲಿ ಕಾರುಗಳು ನಿಲ್ಲುತ್ತವೆ. ಹೆಚ್ಚು ದಿನ ಹೀಗೇ ಬಿಟ್ಟರೆ ಮೈದಾನ ಎಂಬ ಮಾತೇ ಜನರ ಬಾಯಿಂದ ಹೋಗಿ 'ಪಾರ್ಕಿಂಗ್' ಎಂದಾಗುತ್ತದೆ.

ಟೂರ್ನಮೆಂಟ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಯುವಕರು ನನ್ನನ್ನು ಹೊರಗೆ ಹೋಗಲು ಬಿಡುವುದಿಲ್ಲ. ಅದರ ಜೊತೆಗೆ ತಾಲ್ಲೂಕಿನ ಎಂಟು ಪ್ರೌಢಶಾಲೆಗಳ ಒಂದು ಲೀಗ್ ಬೇಕು ಎನ್ನುತ್ತೇನೆ. ಭಾನುವಾರಕ್ಕೆ ನಾಲ್ಕು ಪಂದ್ಯದಂತೆ ಏಳು ಭಾನುವಾರಗಳಲ್ಲಿ ಇಪ್ಪತ್ತೆಂಟು ಪಂದ್ಯಗಳೂ ಮುಗಿಯುತ್ತವೆ. ಆಗಸ್ಟ್ ಮಧ್ಯದಲ್ಲಿ ಆರಂಭಿಸಿದರೆ ದಸರಾ ರಜೆಯ ಹೊತ್ತಿಗೆ ಅಂಕಪಟ್ಟಿ ಸಿದ್ಧ. ಎಸ್.ಎಸ್.ಎಲ್.ಸಿ. ಮಕ್ಕಳ ಪೋಷಕರು ಗಾಬರಿಯಾಗಬೇಕಿಲ್ಲ, ವಾರಕ್ಕೆ ಒಂದು ಗಂಟೆಯ ಆಟದಿಂದ ಯಾರೂ ನಪಾಸಾಗುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲ್‌ನಲ್ಲಿ ಫುಟ್‌ಬಾಲ್ ಆಡುವುದರಿಂದ ಆಗುವ ನಷ್ಟದ ಬಗ್ಗೆ ನಾವು ಬೇರೆ ದಿನ ಮಾತಾಡೋಣ. ತಂಡಗಳು ಶಾಲೆಯ ಹೆಸರಿನಲ್ಲಿರಲಿ, ಮೊಹಲ್ಲಾದ ಹೆಸರಿನಲ್ಲಿ ಬೇಡ. ಆಗ ಉರ್ದು ಮಾಧ್ಯಮದ ಹುಡುಗನೂ ಕನ್ನಡ ಮಾಧ್ಯಮದ ಹುಡುಗನೂ ಒಂದೇ ಅಂಗಿಯಲ್ಲಿ ಒಂದೇ ಕಡೆಗೆ ಓಡುತ್ತಾರೆ, 'ಪಾಸ್ ಕೊಡೋ' ಎಂದು ಕೂಗುವಾಗ ಯಾವ ಭಾಷೆ ಬಳಸುತ್ತಾರೆ ಎಂದು ನೋಡಲು ನನಗೂ ಕುತೂಹಲವಿದೆ.

ಹೆಣ್ಣುಮಕ್ಕಳಿಗೂ ಲೀಗ್ ಇರಲಿ. ನಾಲ್ಕು ತಂಡ ಸಿಕ್ಕರೂ ಆರು ಪಂದ್ಯವಾಗುತ್ತದೆ. ಶಾಲೆಯ ಆವರಣದೊಳಗೆ, ಶಿಕ್ಷಕಿಯರ ಉಸ್ತುವಾರಿಯಲ್ಲಿ ನಡೆಸಬಹುದು. ಇಂದು ತಾಯಂದಿರು ಇಷ್ಟು ಸಂಖ್ಯೆಯಲ್ಲಿ ಬಂದಿರುವುದರಿಂದ ಧೈರ್ಯವಾಗಿ ಕೇಳುತ್ತಿದ್ದೇನೆ.

ಖರ್ಚು ಹೆಚ್ಚಿಲ್ಲ. ಟೂರ್ನಮೆಂಟಿನ ಮೊದಲ ಬಹುಮಾನದ ಹಣದಲ್ಲಿ ಚೆಂಡುಗಳು, ಗೋಲ್ ಬಲೆಗಳು, ಸುಣ್ಣ, ರೆಫರಿಗಳ ಓಡಾಟದ ಖರ್ಚು ಎಲ್ಲವೂ ಮುಗಿದು ಸ್ವಲ್ಪ ಉಳಿಯುತ್ತದೆ. ಕಷ್ಟವಿರುವುದು ಬೇರೆ ಕಡೆ. ಮಳೆ ಬಂದು ಮುಂದೂಡಿದ ಪಂದ್ಯಕ್ಕೆ ಹೊಸ ದಿನ ಗೊತ್ತುಮಾಡಬೇಕು. ಪ್ರತಿ ಆಟಗಾರನ ಹುಟ್ಟಿದ ದಿನಾಂಕವನ್ನು ಶಾಲಾ ದಾಖಲೆಯೊಂದಿಗೆ ತಾಳೆ ನೋಡಬೇಕು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಅದನ್ನೂ ಪರೀಕ್ಷೆಯ ದಿನಗಳನ್ನೂ ನೋಡಿ ವೇಳಾಪಟ್ಟಿ ಹಾಕಬೇಕು. ಏಳನೇ ಭಾನುವಾರ, ಆರು ಪಂದ್ಯ ಸೋತ ತಂಡ ಬರುವುದಿಲ್ಲ ಎಂದಾಗ ಆ ಶಾಲೆಗೆ ಹೋಗಿ ಹುಡುಗರನ್ನು ಕರೆತರಬೇಕು. ಇದನ್ನೆಲ್ಲ ಮಾಡಲು ಗಟ್ಟಿ ಕಾಲು ಬೇಕಿಲ್ಲ, ಮೈದಾನಕ್ಕೆ ಇಳಿಯದ ವಿದ್ಯಾರ್ಥಿಗಳೂ ಮಾಡಬಹುದು. ದಪ್ಪ ಕನ್ನಡಕದ ಹುಡುಗರೇ, ನಿಮ್ಮನ್ನೇ ನೋಡಿ ಹೇಳುತ್ತಿದ್ದೇನೆ.

ಅಧ್ಯಕ್ಷರ ಅಪ್ಪಣೆ ಪಡೆದು ಒಂದು ಉದ್ದನೆಯ ರಿಜಿಸ್ಟರ್ ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ಎಂಟು ಸಾಲು ಗೆರೆ ಹಾಕಿದ್ದೇನೆ, ಶಾಲೆಗಳ ಹೆಸರು ಬರೆಯಲು. ಎರಡನೇ ಪುಟ ರೆಫರಿ ಆಗಬಯಸುವವರಿಗೆ, ಮೂರನೆಯದು ಲೆಕ್ಕ ಬರೆಯುವವರಿಗೆ. ಪೆನ್ನನ್ನು ದಾರದಿಂದ ಕಟ್ಟಿದ್ದೇನೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಒಮ್ಮೆ ಆ ಕಡೆ ಬನ್ನಿ.