ಪಡಸಾಲೆ ರಂಗಕ್ಕೆ ಬಂದದ್ದು
(ಕಲಾದಗಿಯ ಸಭೆಯಲ್ಲಿ ಮಾಡಿದ ಭಾಷಣ)



ಈ ಕಲಾದಗಿ ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ೧೮೮೫ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು. ಜಿಲ್ಲೆಯ ಹೆಸರೂ ಅವುಗಳ ಬೆನ್ನು ಹತ್ತಿ ಹೋಯಿತು. ಆ ಹಳೆಯ ಜಿಲ್ಲೆಗೆ ಸೇರಿದ್ದ ಇಂಡಿ ತಾಲೂಕಿನ ಅಗರಖೇಡದಲ್ಲಿ ೧೯೦೪ರಲ್ಲಿ ಹುಟ್ಟಿದವರು ಆದ್ಯ ರಂಗಾಚಾರ್ಯರು, ನಾಟಕದ ಶ್ರೀರಂಗರು. ಅವರನ್ನು ನಮ್ಮವರೆನ್ನಲು ನಮಗೆ ಹಕ್ಕುಂಟು.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರೆಲ್ಲ ಕಂಪನಿ ನಾಟಕದ ತಂಬುಗಳನ್ನು ಬಲ್ಲರು. ಹಿಂದೆ ಅಲ್ಲಿ ರಾಜರು, ದೇವತೆಗಳು ಬರುತ್ತಿದ್ದರು. ಸಿಟ್ಟು ಬಂದರೂ ಹಾಡಿಯೇ ಹೇಳುತ್ತಿದ್ದರು. ಅದನ್ನು ನಾವು ಹಳಿಯುವುದಿಲ್ಲ. ದಿನವಿಡೀ ಯಂತ್ರದ ಮುಂದೆ ನಿಂತವನಿಗೆ ರಾತ್ರಿ ಒಂದು ಹಾಡು ಬೇಕು. ಆದರೆ ಮಗಳ ಮದುವೆಯ ಸಾಲ, ಸಾವುಕಾರನ ಬಡ್ಡಿ, ಅತ್ತೆ ಸೊಸೆಯರ ಜಗಳ, ಇವು ನಡೆಯುವ ಪಡಸಾಲೆ ಆ ಪಡದೆಗಳ ಮೇಲೆ ಎಲ್ಲಿತ್ತು?

ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಶ್ರೀರಂಗರಲ್ಲ. ೧೮೮೭ರಲ್ಲಿಯೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದು, ಹಣಕ್ಕೆ ಹೆಣ್ಣು ಮಾರುವ ಪದ್ಧತಿಯನ್ನು ನಗೆಗೀಡುಮಾಡಿದರು. ಬೆಂಗಳೂರಿನ ಕೈಲಾಸಂ ೧೯೧೮ರ ಸುಮಾರಿಗೆ 'ಟೊಳ್ಳುಗಟ್ಟಿ' ಕೊಟ್ಟರು: ಪರೀಕ್ಷೆಯ ಹುಚ್ಚು ಹಿಡಿದ ಮನೆ, ಆ ಮನೆಯ ನಿತ್ಯದ ಮಾತು. ಶಾಲೆಯಲ್ಲಿ ಪಾಠ ಹೇಳಿದ ನಮಗೆ ಅದು ಚೆನ್ನಾಗಿ ತಟ್ಟುತ್ತದೆ. ದೂರದ ನಾರ್ವೆಯ ಇಬ್ಸೆನ್ ೧೮೭೯ರ ನಾಟಕದಲ್ಲಿ ಒಬ್ಬ ಹೆಂಡತಿಯನ್ನು ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಡಿಸಿದ್ದ, ಯುರೋಪೆಲ್ಲ ಗದ್ದಲವೆದ್ದಿತ್ತು.

ಶ್ರೀರಂಗರು ಲಂಡನ್ನಿನಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. ಬರೆದದ್ದು ಮಾತ್ರ ನಮ್ಮ ಮನೆಮಾತಿನಲ್ಲಿ. ೧೯೩೦ರಲ್ಲಿ 'ಉದರ ವೈರಾಗ್ಯ' ಬಂತು. ಹೆಸರೇ ಕಥೆ ಹೇಳುತ್ತದೆ: ಹೊಟ್ಟೆಪಾಡಿನ ವೈರಾಗ್ಯ. ಆಮೇಲೆ 'ಹರಿಜನ್ವಾರ'. ಕಿವಿಗೊಟ್ಟು ಕೇಳಿರಿ: ಹರಿಜನ ಎಂಬ ಮಾತೂ ಅದರಲ್ಲಿದೆ, ಜನಿವಾರ ಹರಿ ಎಂಬ ಮಾತೂ ಇದೆ. ಹುಟ್ಟಿನಿಂದ ಬ್ರಾಹ್ಮಣರಾದವರು ಅಸ್ಪೃಶ್ಯತೆಯ ಪ್ರಶ್ನೆಯನ್ನು ಪುರಾಣಕ್ಕೆ ಅಟ್ಟದೆ ಮಡಿವಂತರ ನಡುಮನೆಗೇ ಒಯ್ದರು. ಮಡಿವಂತರು ಸಿಟ್ಟಾದದ್ದು ಸಹಜ. ಕನ್ನಡಿ ತೋರಿಸಿದವನ ಮೇಲೆಯೇ ಅಲ್ಲವೆ ಸಿಟ್ಟು? ಸ್ವಾತಂತ್ರ್ಯ ಬಂದ ಮೇಲೆ ಖಾದಿಯ ಮರೆಯಲ್ಲಿ ಅಧಿಕಾರ ಹುಡುಕುವವರನ್ನು ಕಂಡು 'ಶೋಕಚಕ್ರ' ಬರೆದರು. ಅಶೋಕಚಕ್ರದ ಒಂದಕ್ಷರ ಉದುರಿದರೆ ಏನಾಗುವುದೆಂದು ಜನಕ್ಕೆ ತಿಳಿಸಿ ಹೇಳಬೇಕಾಗಲಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಈ ನಾಟಕಗಳ ಮನೆ ಹೆಚ್ಚಾಗಿ ಓದಿದವರ ಮನೆ. ಆಡಿದವರು ವಿಲಾಸಿ ತಂಡದವರು. ನೋಡಿದವರೂ ಪೇಟೆಯ ಓದಿದವರೇ. ಗಿರಣಿಯವರು ಜಾತ್ರೆಯ ತಂಬಿನಲ್ಲಿಯೇ ಉಳಿದರು. ಶ್ರೀರಂಗರಿಗೂ ಆ ಪಡಸಾಲೆ ಇಕ್ಕಟ್ಟಾಯಿತೆಂದು ತೋರುತ್ತದೆ. ೧೯೬೦ರ 'ಕೇಳು ಜನಮೇಜಯ'ದ ಹೊತ್ತಿಗೆ ಅವರು ಬೇರೆ ದಾರಿ ಹಿಡಿದಿದ್ದರು. ೧೯೮೪ರಲ್ಲಿ ತೀರಿಕೊಂಡರು.

ಇಳಕಲ್ಲಿನ ಮಗ್ಗದ ಮನೆ ರಂಗಕ್ಕೆ ಬರಬೇಕಾದರೆ ಮಗ್ಗದ ಮಾತು ಬಲ್ಲವರೇ ಬರೆಯಬೇಕು. ನಿಮ್ಮಲ್ಲಿ ಯಾರಾದರೂ ಒಂದು ಅಂಕ ಬರೆದು ತಂದರೆ, ಕಾಗುಣಿತ ತಪ್ಪಿದ್ದರೂ ಸರಿ, ಕೂತು ಓದಲು ನಾವು ಸಿದ್ಧರಿದ್ದೇವೆ.